ನೀರು ಹಾಕುವ ಹೊತ್ತು

ಕೂಡ್ಲೂರಿನ ಶೆಡ್ಡುಗಳ ಸಾಲಿನಲ್ಲಿ ನಮ್ಮದು ಕೊನೆಯದು.
ಪಕ್ಕದಲ್ಲಿ ಕಾಫಿ ಕ್ಯೂರಿಂಗು. ಅವರ ಹೊಟ್ಟು ಗೋಡೆ ಹಾರಿ ಬಂದು
ನಮ್ಮ ಒದ್ದೆ ಪ್ಲಾಸ್ಟಿಕ್ಕಿಗೆ ಅಂಟುತ್ತದೆ.
ಪರಿಮಳವೊಂದು ಬರುವುದಿಲ್ಲ.
ಹುರಿಯದ ಬೀಜಕ್ಕೆ ಎಲ್ಲಿಯ ಪರಿಮಳ, ಅನ್ನುತ್ತಾರೆ ಬೆಳ್ಯಪ್ಪಣ್ಣ.

ಸೋಮವಾರ ಸಿದ್ದಾಪುರದಿಂದ ಕುಂಞಹಮ್ಮದ್ ಕಾಕನ ಪಿಕಪ್ಪು.
ನರ್ಸರಿಯ ಕರೀ ಚೀಲಗಳು,
ಸಸಿ ಗುಂಡಿಗಿಳಿದ ದಿನವೇ ಸೀಳಿ ಎಸೆದವು.
ಗುಡ್ಡದಷ್ಟು ಕಂಡರೂ ತಕ್ಕಡಿಯಲ್ಲಿ
ಮೂರು ಮೂಟೆ ಸಿಮೆಂಟಿಗೆ ಸಮ ಬಾರದು.
ಗಾಳಿಗೆ ಯಾರು ದುಡ್ಡು ಕೊಡುತ್ತಾರೆ, ಹೇಳಿ.
ತೊಟ್ಟಿಯ ನೀರು ಕದಡಿದ ಬಣ್ಣ ನೋಡಿ
ಮುತ್ತಿ ತೋಟ ಗುರುತಿಸುತ್ತಾಳೆ:
ಇದು ಪಾಲಿಬೆಟ್ಟ. ಇದು ಸುಂಟಿಕೊಪ್ಪದ ಮೇಲಿನ ಬರೆ.
ಸುಳ್ಳೋ ನಿಜವೋ, ಪರೀಕ್ಷಿಸಿದವರಿಲ್ಲ.

ಅಗ್ಲೋ ಹಂಡೆಯಲ್ಲಿ ಬೆಂಕಿಯಿಲ್ಲ.
ನೋಡಲು ಬಂದವರು ಬಗ್ಗಿ ಬಗ್ಗಿ ಬೆಂಕಿ ಹುಡುಕುತ್ತಾರೆ.
ಇರುವುದು ಬ್ಲೇಡು, ಅದರ ಸುತ್ತು,
ಚೀಲಕ್ಕೆ ಚೀಲ ತಿಕ್ಕಿ ಹುಟ್ಟಿದ ಕಾವು.
ಜಗಳವಾಡಿಯೇ ಮೆತ್ತಗಾಗುವ ಜನರ ಹಾಗೆ
ಹಾರಾಡಿದ ಚೂರುಗಳು ಬೆವತು
ಒಂದರ ತೋಳು ಇನ್ನೊಂದು ಹಿಡಿಯುತ್ತದೆ.
ಆಗ ನೀರು. ಒಂದೇ ಮಗ್ಗು.
ಭುಸ್ಸೆಂದ ಹಬೆ ಇಳಿದಾಗ ತಳದಲ್ಲಿ ಕಾಳು,
ಥೇಟು ಕರಿಮೆಣಸು.
ಮಾಲೀಕರ ಮೊಮ್ಮಗಳು ಒಮ್ಮೆ ಬಾಯಿಗೆ ಹಾಕಿ ಉಗಿದಳು.

ಮಗ್ಗು ಎತ್ತುವುದನ್ನು ಯಾರೂ ಕಲಿಯಬೇಕಾಗಿಲ್ಲ.
ಯಾವಾಗ ಎನ್ನುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.
"ಮುಳ್ಳು ನೋಡಬೇಡ," ಎಂದರು ಬೆಳ್ಯಪ್ಪಣ್ಣ
ಮೀಟರಿನ ಗಾಜಿಗೆ ಬೆನ್ನು ಹಾಕಿ,
"ಮುಳ್ಳು ಹೇಳುವಷ್ಟರಲ್ಲಿ ಆಗಿಹೋಗಿರುತ್ತದೆ. ಕೇಳು."
ಇಪ್ಪತ್ತು ವರ್ಷ ಕುಶಾಲನಗರದಲ್ಲಿ ಕಾಫಿ ಹುರಿದವರು,
ಬೀಜ ಚಟ್ ಅಂದದ್ದು ಎಣಿಸಿ ಇಳಿಸಿದವರು.
ತಗಡಿನ ಮೇಲೆ ಆಲಿಕಲ್ಲು, ಅದು ಶುರು.
ಒಣ ಸೋಗೆ ಎಳೆದಂತೆ ಸ್ವಲ್ಪ ಹೊತ್ತು.
ಇದ್ದಕ್ಕಿದ್ದಂತೆ ದನಿ ತಗ್ಗುತ್ತದೆ,
ಗಂಟಲು ಕಟ್ಟಿದವರು ಮಾತು ನಿಲ್ಲಿಸುವ ಹಾಗೆ.
"ಅಲ್ಲಿ," ಎನ್ನುತ್ತಿದ್ದರು. "ಅಲ್ಲಿ ಹೊಯ್ಯಿ."

ಒಂದು ದಿನ ಆ "ಅಲ್ಲಿ" ದಾಟಿಹೋಯಿತು.
ತಂಗಿಯ ಮೆಸೇಜು ಬಂದಿತ್ತು; ಓದಿದ್ದು ಎರಡೇ ಸಾಲು.
ಮೋಟಾರು ನರಳಿ ನಿಂತಿತು, ಬೆಲ್ಟಿನ ಹೊಗೆ,
ಹಂಡೆ ತುಂಬ ಒಂದೇ ಒಂದು ಕಪ್ಪು ಬಂಡೆ.
ಉಳಿ, ಸುತ್ತಿಗೆ, ರಾತ್ರಿ ಹನ್ನೊಂದು.
ಉತ್ತಪ್ಪನವರು ಬೈಯಲಿಲ್ಲ,
ಕರೆಂಟು ಬಿಲ್ಲನ್ನು ಗಟ್ಟಿಯಾಗಿ ಓದಿದರು, ಅಷ್ಟೆ.
ಕಿತ್ತ ಮುದ್ದೆ ಈಗ ಗೇಟಿನ ಬಳಿ,
ಟೀ ಹೊತ್ತಿಗೆ ಎಲ್ಲರಿಗೂ ಅದೇ ಪೀಠ.
ಮುತ್ತಿ ಅದಕ್ಕೆ ನನ್ನ ಹೆಸರಿಟ್ಟಿದ್ದಾಳೆ:
"ನೆಲ ಒದ್ದೆ ಕಾಕಾ, ಲೋಲಾಕ್ಷಿ ಮೇಲೆ ಕೂರಿ."

ಕಿವಿಗೆ ಹತ್ತಿ ಇಡಿ ಅಂದರೆ
ಹತ್ತಿ ಇಟ್ಟು ಕೇಳುವುದು ಹೇಗೆ ಎನ್ನುತ್ತಿದ್ದ ಬೆಳ್ಯಪ್ಪಣ್ಣ
ಕೇಳಿ ಕೇಳಿಯೇ ಕಿವಿ ಖಾಲಿ ಮಾಡಿಕೊಂಡರು.
ಮೊದಲು ಹೋದದ್ದು ಫೋನು, ಆಮೇಲೆ ಹೆಂಡತಿಯ ಮಾತು,
ಈ ಕಕ್ಕಡದಲ್ಲಿ ಹಂಡೆಯೂ.
ಯಾರಿಗೂ ಹೇಳಲಿಲ್ಲ.
ಒಂದು ಸಂಜೆ ನೋಡಿದೆ,
ಚಪ್ಪಲಿ ಕಳಚಿಟ್ಟು ಕಾಂಕ್ರೀಟಿನ ಮೇಲೆ ಬರಿಗಾಲು,
ಕಣ್ಣು ಮುಚ್ಚಿ, ಅಂಗೈ ಕಂಬಕ್ಕೊತ್ತಿ.
ಮಗ್ಗು ಎತ್ತಿದರು.
ಸರಿಯಾದ ಹೊತ್ತಿಗೇ.

ಈಗ ಮಗ್ಗು ನನ್ನ ಕೈಯಲ್ಲಿ, ಅವರು ಎದುರು.
ಕೆಲವು ಸಲ ಅವರ ಗದ್ದ ಅಲ್ಲಾಡುವ ಮೊದಲೇ
ನನ್ನ ನೀರು ಬಿದ್ದಿರುತ್ತದೆ. ಕೆಲವು ಸಲ ಅವರದೇ ಮೊದಲು.
ಕಿವಿಗೂ ಪಾದಕ್ಕೂ ನಡುವೆ ಅರ್ಧ ಉಸಿರಿನ ಅಂತರ;
ಅದರ ಬಗ್ಗೆ ನಾವು ಮಾತಾಡುವುದಿಲ್ಲ.

ನಿನ್ನೆ ಹಬೆ ಇಳಿದ ಮೇಲೆ ಒಂದು ಹಿಡಿ ಕಾಳು
ಬಿಸಿಬಿಸಿ ಅಂಗೈಗೆ ಸುರಿದುಕೊಂಡು
ಹುರಿದ ಬೀಜ ಮೂಸುವಂತೆ ಮೂಸಿ, ಮುಖ ಸಿಂಡರಿಸಿ,
ತಮಗೇ ಕೇಳಿಸಲೆಂದು ಬಲು ಜೋರಾಗಿ
"ಹದ!" ಎಂದು ಕೂಗಿದರು.
ಪಕ್ಕದ ಕ್ಯೂರಿಂಗಿನವರು ಹೊರಗೆ ಬಂದು ನೋಡಿದರು.